ಡ್ಯಾಶ್‌ಬೋರ್ಡ್ ಮೇಲಿನ ಕಣ್ಣು, ಅಪ್ಪನ ಎಡಗಾಲು
ಜೂನ್‌ನಲ್ಲಿ ಒಂದು ಶನಿವಾರ ಬೆಳಗ್ಗೆ ಏಳೂವರೆಗೆ ಮನೆ ಬಿಟ್ವಿ, ನಾನು, ಹೆಂಡ್ತಿ, ಮತ್ತೆ ಹಿಂದಿನ ಸೀಟಲ್ಲಿ ಹೊದ್ಕೊಂಡು ಬಿದ್ದಿದ್ದ ಮಗ. ಡೆಟ್ರಾಯಿಟ್ ಪಕ್ಕ ನಾವಿರೋ ಊರಿನ ಹೆಸ್ರು ನೋವೈ, ನಮ್ಮಮ್ಮನ ಬಾಯಲ್ಲಿ ಅದು ಇವತ್ತಿಗೂ ನೋವು. ಹೋಗ್ಬೇಕಿದ್ದಿದ್ದು ಪಶ್ಚಿಮದ ಕಡೆ ಹಿಕರಿ ಕಾರ್ನರ್ಸ್ ಅನ್ನೋ ಹಳ್ಳಿಗೆ, ಗಿಲ್ಮೋರ್ ಕಾರ್ ಮ್ಯೂಸಿಯಂ ನೋಡೋಕೆ. ಡಬ್ಬಿಯಲ್ಲಿ ಚಿತ್ರಾನ್ನ, ಫ್ಲಾಸ್ಕಲ್ಲಿ ಕಾಫಿ. ಇವೆರಡು ಇಲ್ದೆ ನನ್ ಹೆಂಡ್ತಿ ಐವತ್ತು ಮೈಲಿ ದಾಟಲ್ಲ.

ದಾರಿ ಮಧ್ಯ ಲ್ಯಾನ್ಸಿಂಗಲ್ಲಿ ಇಳಿದ್ವಿ. ಓಲ್ಡ್ಸ್‌ಮೊಬೀಲ್ ಹುಟ್ಟಿದ ಊರು ಅದು, 1897ರಲ್ಲಿ ರ್ಯಾನ್ಸಮ್ ಓಲ್ಡ್ಸ್ ಶುರು ಮಾಡಿದ್ದು, ಕೊನೇ ಓಲ್ಡ್ಸ್‌ಮೊಬೀಲ್ ಕಾರು ಇದೇ ಊರಲ್ಲಿ 2004ರ ಏಪ್ರಿಲ್ 29ಕ್ಕೆ ಆಚೆ ಬಂತು. ಅವರ ಹೆಸ್ರಲ್ಲಿರೋ ಮ್ಯೂಸಿಯಂ ಸಣ್ಣದು, ಅರ್ಧ ಗಂಟೆ ನೋಡಿ ಹೊರಟ್ವಿ. ಅಲ್ಲಿಂದ ಹೈವೇ ಬೇಡ ಅಂತ ಎಂ-43 ಹಿಡಿದೆ. ಗ್ರ್ಯಾಂಡ್ ಲೆಡ್ಜ್, ಹೇಸ್ಟಿಂಗ್ಸ್ ದಾಟಿ ಹೋಗೋ ಎರಡು ಲೇನಿನ ರಸ್ತೆ, ಎರಡೂ ಕಡೆ ಜೋಳದ ಹೊಲ, ಅಲ್ಲಲ್ಲಿ ಕೆಂಪು ಕೊಟ್ಟಿಗೆಗಳು, ಮನೆ ಮುಂದೆ ಮಾರಾಟಕ್ಕಿಟ್ಟ ಟ್ರ್ಯಾಕ್ಟರು. ಮಗ ಎದ್ದು "ಇದು ಹಾಸನ ಥರಾನೇ ಇದೆ, ಬರೀ ಜನ ಇಲ್ಲ ಅಷ್ಟೇ" ಅಂದ.

ಗಿಲ್ಮೋರ್ ಮ್ಯೂಸಿಯಂ 1966ರಲ್ಲಿ ಶುರುವಾಗಿದ್ದು. ಔಷಧಿ ಕಂಪನಿ ನಡೆಸ್ತಿದ್ದ ಡೊನಾಲ್ಡ್ ಗಿಲ್ಮೋರ್ ಅನ್ನೋರ ಸ್ವಂತ ಕಾರುಗಳ ಹುಚ್ಚು ಬೆಳೆದು ಈಗ 90 ಎಕರೆ, 400ಕ್ಕೂ ಮೇಲೆ ಗಾಡಿಗಳು. ಒಂದು ಹಳೇ ಪೆಟ್ರೋಲ್ ಬಂಕ್, 1941ರ ಒಂದು ಡೈನರ್ ಕೂಡ ಹಂಗೇ ತಂದು ಇಟ್ಟಿದಾರೆ. ಒಳಗೆ ಇರೋದೆಲ್ಲ ಚೆಂದಾನೇ, ಆದ್ರೆ ಹಗ್ಗದ ಆಚೆ ನಿಂತು ನೋಡೋದು ನಂಗೆ ದೇವಸ್ಥಾನದ ಗರ್ಭಗುಡಿ ನೋಡಿದಂಗೆ, ಕೈ ಮುಗಿದು ಬರ್ಬೇಕು ಅಷ್ಟೇ. ನಮ್ಮ ಅದೃಷ್ಟಕ್ಕೆ ಅವತ್ತು ಹೊರಗೆ ಹುಲ್ಲಿನ ಮೇಲೆ ಜನ ತಮ್ಮ ತಮ್ಮ ಹಳೇ ಕಾರು ತಂದು ನಿಲ್ಸಿದ್ರು, ಪಕ್ಕದಲ್ಲೇ ಮಡಚೋ ಕುರ್ಚಿ ಹಾಕ್ಕೊಂಡು ಕೂತಿದ್ರು, ಕೇಳಿದ್ರೆ ಸಾಕು ಬಾನೆಟ್ ತೆಗೆದು ತೋರಿಸ್ತಾರೆ.

ಅಲ್ಲೇ ಸಿಕ್ಕಿದ್ದು 1954ರ ಓಲ್ಡ್ಸ್‌ಮೊಬೀಲ್ 88. ಮೇಲೆ ಬಿಳಿ, ಕೆಳಗೆ ತಿಳಿ ಹಸಿರು. ಡ್ಯಾಶ್‌ಬೋರ್ಡಿನ ಎಡ ಮೂಲೆಯಲ್ಲಿ, ಗಾಜಿನ ಹಿಂದೆ, ಮಕ್ಕಳ ಆಟದ ಪಿಸ್ತೂಲು ಕೂರಿಸಿದಂಗೆ ಏನೋ ಇತ್ತು, ಮುಂದ್ಗಡೆಗೆ ಒಂದು ಲೆನ್ಸು. ಇದೇನು ಕ್ಯಾಮೆರಾನಾ ಅಂತ ಕೇಳ್ದೆ. ಕುರ್ಚಿಯಲ್ಲಿದ್ದ ಅಜ್ಜ, ಎಂಬತ್ತು ದಾಟಿರ್ಬೇಕು, ನಕ್ಕು ಎದ್ದು ಬಂದ್ರು. ಅದು ಆಟ್ರಾನಿಕ್ ಐ, ಎದುರುಗಡೆ ಗಾಡಿ ಬಂದ್ರೆ ತಾನೇ ಹೆಡ್‌ಲೈಟ್ ಡಿಪ್ ಮಾಡೋ ಕಣ್ಣು, ನಮ್ಮಪ್ಪ ಹಟ ಹಿಡಿದು ಹಾಕ್ಸಿದ್ದು, ಅಮ್ಮ ಅದಕ್ಕೆ ದುಡ್ಡು ಯಾಕೆ ದಂಡ ಅಂತ ಒಂದು ವಾರ ಮಾತು ಬಿಟ್ಟಿದ್ರು ಅಂದ್ರು.

1954ರಲ್ಲಿ! ನಮ್ಮಲ್ಲಿ ಅಂಬಾಸಡರ್ ಬಂದಿದ್ದೇ 1958ಕ್ಕೆ.

ಜನರಲ್ ಮೋಟರ್ಸ್ ಇದನ್ನ 1952ರಲ್ಲಿ ತನ್ನವೇ ಆದ ಕ್ಯಾಡಿಲಾಕ್ ಮತ್ತೆ ಓಲ್ಡ್ಸ್‌ಮೊಬೀಲ್ ಕಾರುಗಳಿಗೆ ಕೊಡೋಕೆ ಶುರು ಮಾಡ್ತು, ಬೆಲೆ 50 ಡಾಲರ್ ಆಸುಪಾಸು, ಮಾಡ್ತಿದ್ದಿದ್ದು ಇಂಡಿಯಾನಾದ ಆಂಡರ್ಸನ್ ಊರಲ್ಲಿದ್ದ ಅವರದೇ ಗೈಡ್ ಲ್ಯಾಂಪ್ ವಿಭಾಗ. ಟ್ರಾನ್ಸಿಸ್ಟರ್ ಕಾರಿಗೆ ಬರೋಕೆ ಮುಂಚಿನ ಕಾಲ, ಎಲ್ಲ ವ್ಯಾಕ್ಯೂಮ್ ಟ್ಯೂಬು, ಹಾಗಾಗಿ ನಮ್ಮ ತಾತನ ವಾಲ್ವ್ ರೇಡಿಯೋ ಥರ ಮೊದ್ಲು ಬಿಸಿ ಆಗ್ಬೇಕು. ಅಜ್ಜ ಕೀ ತಿರುಗಿಸಿ, ಲೈಟ್ ಹಾಕಿ, ತಾಳು ಅಂತ ಬೆರಳು ತೋರ್ಸಿದ್ರು. ಸ್ವಲ್ಪ ಹೊತ್ತು ಬಿಟ್ಟು ತಲೆ ಮೇಲಿನ ಟೋಪಿ ತೆಗೆದು ಆ ಲೆನ್ಸ್ ಮುಂದೆ ಹಿಡಿದ್ರು. ಟಕ್ ಅಂತ ಸದ್ದು, ಮುಂದೆ ನಿಂತಿದ್ದ ಮಗ "ಹೈ ಬೀಮ್!" ಅಂತ ಕೂಗ್ದ. ಟೋಪಿ ತೆಗೆದ್ರು, ಟಕ್, ಡಿಪ್. ಹಿಂಗೇ ಒಂದು ಹತ್ತು ಸಲ. ಫೋನಿಂದ ತಲೆ ಎತ್ತದ ನನ್ನ ಮಗ ಟೋಪಿ ಇಸ್ಕೊಂಡು ತಾನೂ ಹತ್ತು ಸಲ ಮಾಡ್ದ.

ಕತ್ತಲೆ ಬೆಳಕು ಗೊತ್ತು ಮಾಡೋದು ದೊಡ್ಡ ವಿಷ್ಯ ಅಲ್ಲ ಅನ್ಸುತ್ತೆ, ಆದ್ರೆ ಅಜ್ಜ ವಿವರಿಸಿದ ಮೇಲೆ ಗೊತ್ತಾಗಿದ್ದು ಅಸಲಿ ತಲೆನೋವು ಬೇರೆ ಅಂತ. ಎದುರಿನವನ ಲೈಟ್ ಬಿತ್ತು, ನಿನ್ನ ಕಣ್ಣು ಡಿಪ್ ಮಾಡ್ತು, ಅವ್ನೂ ಮರ್ಯಾದೆಯಿಂದ ಡಿಪ್ ಮಾಡ್ದ. ಈಗ ಬೆಳಕು ಕಮ್ಮಿ ಆಯ್ತಲ್ಲ, ನಿನ್ನ ಕಣ್ಣು ಗಾಡಿ ಹೋಯ್ತು ಅಂದ್ಕೊಂಡು ಮತ್ತೆ ಹೈ ಬೀಮ್ ಹಾಕಿದ್ರೆ? ಅವ್ನು ಬೈತಾನೆ. ಅದಕ್ಕೇ ಒಂದ್ಸಲ ಡಿಪ್ ಆದ ಮೇಲೆ ಆ ಕಣ್ಣು ಇನ್ನೂ ಸೂಕ್ಷ್ಮ ಆಗುತ್ತೆ, ಅವನ ಡಿಪ್ ಲೈಟೂ ದಾಟಿ ಹೋಗೋವರೆಗೆ ತಾನು ಕೆಳಗೇ ಇರುತ್ತೆ. ಹಿಂದ್ಗಡೆ ಒಂದು ತಿರುಪು ಇತ್ತು, ಎಷ್ಟು ದೂರದ ಬೆಳಕಿಗೆ ಎಚ್ಚರ ಆಗ್ಬೇಕು ಅಂತ ಅದ್ರಲ್ಲಿ ಹೊಂದಿಸ್ಕೋಬೇಕು. ಆದ್ರೂ ಬೀದಿ ದೀಪಕ್ಕೆ, ಹೊಳೆಯೋ ಬೋರ್ಡಿಗೆಲ್ಲ ಮೋಸ ಹೋಗ್ತಿತ್ತಂತೆ, ಊರೊಳಗೆ ಬಂದ್ರೆ ಟಕ ಟಕ ಅಂತ ಹುಚ್ಚು ಹಿಡಿದಂಗೆ ಆಡ್ತಿತ್ತಂತೆ. ಅಮ್ಮನ ಜೊತೆ ಮತ್ತೆ ಜಗಳ.

ನಂಗೆ ಇಷ್ಟ ಆಗಿದ್ದು ಬೇರೆ. ಕಣ್ಣು ಕೊಟ್ರೂ, ಆ ಕಾಲದ ಕಾರಲ್ಲಿ ಡಿಪ್ ಮಾಡೋಕೆ ಇರ್ತಿದ್ದ ಕಾಲಡಿ ಸ್ವಿಚ್ ಕಿತ್ತಿರ್ಲಿಲ್ಲ. ಕಾಲಲ್ಲಿ ಒತ್ತಿ ಹಿಡಿದ್ರೆ ಕಣ್ಣು ಏನೇ ಹೇಳಿದ್ರೂ ಹೈ ಬೀಮ್ ಬರುತ್ತೆ. ಯಾಕೆ ಅಂದ್ರೆ, ಎದುರಿನವ್ನು ಡಿಪ್ ಮಾಡದೆ ಬರ್ತಿದ್ರೆ ಅವನಿಗೆ ಒಂದು ಮಾತು ಹೇಳ್ಬೇಕಲ್ಲ! ಬೆಳಕು ತಗ್ಗಿಸೋದನ್ನ ಯಂತ್ರಕ್ಕೆ ಕೊಟ್ರು, ಮಾತಾಡೋದನ್ನ ಕೊಡ್ಲಿಲ್ಲ. ಆ ಇಂಜಿನಿಯರ್‌ಗಳು ಖಂಡಿತ ರಾತ್ರಿ ಗಾಡಿ ಓಡಿಸಿದ ಜನ.

ಆ ಸ್ವಿಚ್ ನೋಡಿದ್ದೇ ನಮ್ಮ ಮಾರ್ಕ್ 2 ಅಂಬಾಸಡರ್ ಕಣ್ಮುಂದೆ ಬಂತು. ಸಕಲೇಶಪುರದ ಕಡೆ ಒಬ್ಬ ಪ್ಲಾಂಟರ್ ಹತ್ರ ಅಪ್ಪ ಸೆಕೆಂಡ್ ಹ್ಯಾಂಡಲ್ಲಿ ತಗೊಂಡಿದ್ದು, ಗೇರ್ ಸ್ಟೇರಿಂಗ್ ಪಕ್ಕ, ಡಿಪ್ಪರ್ ನೆಲದ ಮೇಲೆ, ಕ್ಲಚ್ಚಿಂದ ಎಡಕ್ಕೆ, ಬಾಟಲ್ ಮುಚ್ಚಳದಷ್ಟು ದೊಡ್ಡ ಒಂದು ಗುಂಡಿ. ಧರ್ಮಸ್ಥಳಕ್ಕೆ ಹೋಗಿ ರಾತ್ರಿ ಶಿರಾಡಿ ಘಾಟ್ ಹತ್ತಿ ಬರ್ಬೇಕಾದ್ರೆ ಎದುರಿಗೆ ಮಂಗಳೂರು ಲಾರಿಗಳು ಸಾಲು ಸಾಲು, ತಿರುವಲ್ಲಿ ಗೇರ್ ಇಳಿಸೋಕೆ ಎಡಗಾಲು ಕ್ಲಚ್ ಮೇಲೆ ಬೇಕು, ಅದೇ ಗಳಿಗೆಗೆ ಲಾರಿ ಬಂತು ಅಂದ್ರೆ ಡಿಪ್ ಮಾಡೋಕೂ ಅದೇ ಎಡಗಾಲು ಬೇಕು, ಅಪ್ಪ ಹಾರ್ಮೋನಿಯಂ ನುಡಿಸೋರ ಥರ ಕಾಲಾಡಿಸ್ತಿದ್ರು, ಬಾಯಲ್ಲಿ ಮಂಜುನಾಥನ ಹೆಸ್ರು ಮತ್ತೆ ಲಾರಿಯವನಿಗೆ ಬೈಗುಳ ಒಟ್ಟೊಟ್ಟಿಗೆ. ಹೆಡ್‌ಲೈಟ್ ಮಧ್ಯಕ್ಕೆ ಕಪ್ಪು ಬಣ್ಣದ ಬೊಟ್ಟು ಬೇರೆ ಇಡಿಸ್ಬೇಕಿತ್ತು ಆಗ, ಕಣ್ಣು ಕುಕ್ಕದೇ ಇರ್ಲಿ ಅಂತ. ಲಾರಿ ಹಿಂದೆ "ಯೂಸ್ ಡಿಪ್ಪರ್ ಅಟ್ ನೈಟ್" ಅಂತ ಬರೆದಿರೋದನ್ನ ಓದಿ ಓದಿಯೇ ನಾನು ಇಂಗ್ಲಿಷ್ ಕಲ್ತಿದ್ದು.

ಮಧ್ಯಾಹ್ನದ ಮೇಲೆ ಹತ್ರದ ಗಲ್ ಲೇಕ್ ದಡದಲ್ಲಿ ಚಿತ್ರಾನ್ನ ಖಾಲಿ ಮಾಡಿ, ಅಲ್ಲೇ ಹೊತ್ತು ಕಳೆದ್ವಿ. ಜೂನಲ್ಲಿ ಇಲ್ಲಿ ಕತ್ತಲಾಗೋಕೆ ರಾತ್ರಿ ಹತ್ತು ಗಂಟೆ. ವಾಪಸ್ಸೂ ಎಂ-43ನಲ್ಲೇ ಹೋಗೋಣ ಅಂದೆ, ಜಿಂಕೆ ಅಡ್ಡ ಬರುತ್ತೆ ಅಂತ ಹೆಂಡ್ತಿ ಗೊಣಗಿದ್ಲು, ಸರಿಯಾಗೇ ಹೇಳಿದ್ಲು, ಎರಡು ಬಂದ್ವು.

ನಮ್ಮ ಕಾರಲ್ಲೂ ಆಟೋ ಹೈ ಬೀಮ್ ಇದೆ, ಕನ್ನಡಿ ಹಿಂದೆ ಕ್ಯಾಮೆರಾ. ಅಷ್ಟು ವರ್ಷ ಕಳೆದ್ರೂ ಜಿಂಕೆ ಚಿತ್ರದ ಹಳದಿ ಬೋರ್ಡ್ ಬಂದಾಗೆಲ್ಲ ಎದುರುಗಡೆ ಗಾಡಿ ಅಂತ ಹೆದರಿ ಡಿಪ್ ಮಾಡ್ತು, ಜಿಂಕೆ ಕಾಣ್ಬೇಕಾದ ಜಾಗದಲ್ಲೇ! ಹೇಸ್ಟಿಂಗ್ಸ್ ಬರೋ ಮುಂಚೆ ಅದನ್ನ ಆಫ್ ಮಾಡಿ ಕೈಯಲ್ಲೇ ಹಾಕ್ತಾ ಬಂದೆ. ಒಂದು ಪಿಕಪ್ ಟ್ರಕ್ ಉರಿಯೋ ಬೆಳಕಲ್ಲಿ ಬಂತು, ಒಂದ್ಸಲ ಮಿಂಚಿಸ್ದೆ, ತಕ್ಷಣ ತಗ್ಗಿಸ್ದ. ನಮ್ಮೂರಲ್ಲಿ ಹಂಗೆ ಮಿಂಚಿಸಿದ್ರೆ ನಾನ್ ಬರ್ತಿದೀನಿ ನೀನ್ ನಿಲ್ಲು ಅಂತ ಅರ್ಥ.

ಹತ್ತೂವರೆಗೆ ಅಪ್ಪಂಗೆ ಫೋನ್ ಹಾಕ್ದೆ, ಅಲ್ಲಿ ಭಾನುವಾರ ಬೆಳಗ್ಗೆ ಎಂಟು, ಕಾಫಿ ಕುಡೀತಾ ಪೇಪರ್ ಓದ್ತಿದ್ರು. ಕಣ್ಣಿನ ಕಥೆಯೆಲ್ಲ ಹೇಳ್ದೆ. ಸ್ಪೀಕರಲ್ಲಿ ಸ್ವಲ್ಪ ಹೊತ್ತು ಪೇಪರ್ ಮಡಚೋ ಸದ್ದು.

"ಕಾಲ್ ಗುಂಡಿನೂ ಇತ್ತಾ?"

"ಇತ್ತಪ್ಪ."

"ಮತ್ತೆ ಕಣ್ಣು ಯಾಕೋ? ಸರಿ, ಕ್ಲಚ್ಚು?"

"ಇಲ್ಲ, ಆಟೋಮ್ಯಾಟಿಕ್ಕು. ಓಲ್ಡ್ಸ್‌ಮೊಬೀಲ್‌ನೋರು 1940ರ ಮಾಡೆಲ್ಲಿಂದ್ಲೇ ಕೊಡ್ತಿದ್ರಂತೆ."

"ಕ್ಲಚ್ಚೂ ಇಲ್ಲ, ಡಿಪ್ಪೂ ತಾನೇ ಆಗುತ್ತೆ," ಅಂದ್ರು ಅಪ್ಪ, "ಅಲ್ಲ ಕಣೋ, ಎಡಗಾಲನ್ನ ಮನೇಲೇ ಬಿಟ್ಟು ಬರ್ತಿದ್ರೇನೋ ಅವ್ರು?"