ಆನಿಂಗ್ ತೆಗೆಯಲಾ, ರಿಪೇರಿ ಮಾಡಿಸಲಾ? ಮೊದಲು ಗೋಡೆ ನೋಡಿ

ಆನಿಂಗ್ ಅಂದರೆ ಮೋಟರ್‌ಹೋಮ್‌ನ (ಒಳಗೇ ವಾಸ ಮಾಡಬಹುದಾದ ವಾಹನದ) ಪಕ್ಕದ ಗೋಡೆಗೆ ಕೂರಿಸಿದ ನೆರಳಿನ ಬಟ್ಟೆ; ಬೇಡವಾದಾಗ ಕೊಳವೆಗೆ ಸುತ್ತಿಡುತ್ತಾರೆ, ಬೇಕಾದಾಗ ಎರಡು ತೋಳುಗಳ ಆಸರೆಯಲ್ಲಿ ಹರಡುತ್ತಾರೆ. ಅದರ ಬಗ್ಗೆ ಪ್ರಶ್ನೆ ಬರುವುದು ಯಾವಾಗಲೂ ಒಂದೇ ಧಾಟಿಯಲ್ಲಿ. "ಮೋಟರ್‌ಹೋಮ್ ಆನಿಂಗ್ ಹರಿದಿದೆ. ಹೇಗೂ ಹಳೇದು. ರಿಪೇರಿ ಮಾಡಿಸೋದಾ, ಕಿತ್ತು ಹಾಕೋದಾ?" ಜೊತೆಗೆ ಒಂದು ಫೋಟೊ. ಅದರಲ್ಲಿ ಬಟ್ಟೆಯ ಹರಕು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಇನ್ನು ಕೇಳಿದವರಿಗೆಲ್ಲ ಇದನ್ನೇ ಓದಿ ಅನ್ನುತ್ತೇನೆ.

ನನಗೆ ಸಿಟ್ಟು ಬರಿಸುವುದು ಆ "ಹೇಗೂ ಹಳೇದು" ಅನ್ನುವ ಮಾತು. ಹಳೆಯದಾಗಿರುವುದು ಒಂದು ದೋಷವಲ್ಲ. ವರ್ಷಗಳಿಂದ ನೆಟ್ಟಗಿರುವ ಅಲ್ಯೂಮಿನಿಯಂ ಕೊಳವೆ ಇನ್ನೂ ವರ್ಷಗಟ್ಟಲೆ ಸುತ್ತುತ್ತದೆ. ಹೊಚ್ಚ ಹೊಸ ಆನಿಂಗ್ ಒಂದೇ ರಾತ್ರಿಯ ಮಳೆಗೆ ಮುರಿಯಬಹುದು. ಲೆಕ್ಕ ಹಾಕಿ: ಇಳಿಜಾರು ಕೊಡದೆ ಬಿಟ್ಟ ಬಟ್ಟೆಯ ಮೇಲೆ 2 ಮೀಟರ್ ಉದ್ದ, 1 ಮೀಟರ್ ಅಗಲ, ಸರಾಸರಿ 5 ಸೆಂಟಿಮೀಟರ್ ಆಳದ ನೀರು ನಿಂತರೆ ಅದು 100 ಲೀಟರ್, ಅಂದರೆ 100 ಕೆಜಿ. ಆ ಭಾರ ಹೊರಲು ಯಾವ ತೋಳನ್ನೂ ಮಾಡಿರುವುದಿಲ್ಲ. ಒಂದು ತೋಳನ್ನು ಇನ್ನೊಂದಕ್ಕಿಂತ ಒಂದು ಗೇಣು ತಗ್ಗಿಸಿದ್ದರೆ ನೀರು ಹರಿದು ಹೋಗುತ್ತಿತ್ತು.

ಬಟ್ಟೆಯ ವಿಷಯ ಬೇಗ ಮುಗಿಸುತ್ತೇನೆ, ಯಾಕೆಂದರೆ ಇಡೀ ಆನಿಂಗ್‌ನಲ್ಲಿ ಸುಲಭವಾಗಿ ಬದಲಾಯಿಸಬಹುದಾದ ಭಾಗವೇ ಅದು. ವಿನೈಲ್‌ನಲ್ಲಿ ಗೇಣುದ್ದದೊಳಗಿನ ಹರಕಾದರೆ ತೇಪೆ ಸಾಕು. ಬಟ್ಟೆಯನ್ನು ಚಪ್ಪಟೆಯಾಗಿ ಹರಡಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಹರಕಿನ ಸುತ್ತ 5 ಸೆಂಟಿಮೀಟರ್ ಹೆಚ್ಚು ಬರುವ ಹಾಗೆ ಅಂಟು ತೇಪೆ ಕತ್ತರಿಸಿ, ಎರಡೂ ಬದಿಗೆ ಹಚ್ಚಿ. ಮೂಲೆಗಳನ್ನು ದುಂಡಗೆ ಕತ್ತರಿಸಿ. ಚೂಪು ಮೂಲೆ ಸುತ್ತುವಾಗ ಎದ್ದುಬರುತ್ತದೆ. 24 ಗಂಟೆ ಸುತ್ತಬೇಡಿ. ನೇಯ್ದ ಅಕ್ರಿಲಿಕ್ ಆಗಿದ್ದರೆ ಎಷ್ಟೋ ಸಲ ಬಟ್ಟೆ ಚೆನ್ನಾಗಿಯೇ ಇರುತ್ತದೆ, ಬಿಸಿಲಿಗೆ ಹೊಲಿಗೆಯ ದಾರ ಮಾತ್ರ ಸತ್ತಿರುತ್ತದೆ. ಮತ್ತೆ ಹೊಲಿಸಿದರೆ ಆಯಿತು. ತೇಪೆ ಕೆಲಸ ಮಾಡದ ಜಾಗ ಒಂದೇ, ಗೋಡೆಯ ರೈಲ್‌ಗೆ (ಬಟ್ಟೆಯನ್ನು ಹಿಡಿದಿರುವ ಲೋಹದ ಪಟ್ಟಿಗೆ) ಅಂಟಿಕೊಂಡ ಅಂಚು. ಇಡೀ ಬಟ್ಟೆಯ ಎಳೆತ ಬೀಳುವುದು ಆ ಗೆರೆಯ ಮೇಲೆ. ಲೋಹದ ಹೊದಿಕೆ ಇಲ್ಲದ ಮಾದರಿಗಳಲ್ಲಿ ಸುತ್ತಿಟ್ಟಾಗಲೂ ಬಿಸಿಲಿಗೆ ಮೈಯೊಡ್ಡಿರುವುದು ಅದೇ ಭಾಗ. ಅಲ್ಲಿ ಹರಿದಿದ್ದರೆ ಹೊಸ ಬಟ್ಟೆಯೇ ಗತಿ. ಅಳತೆ ಕೊಡುವಾಗ ಒಂದು ಎಚ್ಚರ: ತೋಳಿಂದ ತೋಳಿಗಿರುವ ಅಳತೆ ಬೇರೆ, ಬಟ್ಟೆಯ ಅಗಲ ಬೇರೆ. ಯಾವುದನ್ನು ಕೊಡುತ್ತಿದ್ದೀರಿ ಎಂದು ಬರೆದೇ ತಿಳಿಸಿ.

ನಿಜಕ್ಕೂ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಅದನ್ನು ಯಾರೂ ಕೇಳುವುದಿಲ್ಲ. ಆನಿಂಗ್ ಹಿಡಿದುಕೊಂಡಿರುವ ಗೋಡೆ ಇನ್ನೂ ಗಟ್ಟಿ ಇದೆಯಾ?

ರೈಲ್ ಅಂದರೆ ಗೋಡೆಯ ಮೇಲ್ತುದಿಗೆ ಸಾಲಾಗಿ ಸ್ಕ್ರೂ ಹೊಡೆದು ಕೂರಿಸಿದ ಅಲ್ಯೂಮಿನಿಯಂ ಪಟ್ಟಿ. ಒಂದೊಂದು ಸ್ಕ್ರೂ ಕೂಡ ಗೋಡೆಗೆ ಕೊರೆದ ಒಂದೊಂದು ತೂತು. ಹಿಂದಿರುವ ಬ್ಯುಟೈಲ್ (ನೀರು ತಡೆಯುವ ಮೆತ್ತನೆಯ ಅಂಟು ರಬ್ಬರ್) ಪಟ್ಟಿ ಒಣಗಿ ಬಿರಿದರೆ ಆ ಅಷ್ಟೂ ತೂತುಗಳು ನೀರಿನ ದಾರಿ. ಕೈಯ ಸ್ಕ್ರೂಡ್ರೈವರ್ ಹಿಡಿದು ಒಂದೊಂದನ್ನೂ ಕಾಲು ಸುತ್ತು ಬಿಗಿ ಮಾಡಿ. ಕಚ್ಚಿ ನಿಂತರೆ ಸರಿ. ಸುಮ್ಮನೆ ತಿರುಗುತ್ತಲೇ ಇದ್ದರೆ ಹಿಂದಿನ ಮರ ಹೋಗಿದೆ. ಅನುಮಾನ ಬಂದ ಜಾಗದಲ್ಲಿ ಒಂದು ಸ್ಕ್ರೂ ಪೂರ್ತಿ ಹೊರತೆಗೆದು, ಅದರ ಎಳೆಗಳ ನಡುವೆ ಏನು ಸಿಕ್ಕಿಕೊಂಡಿದೆ ನೋಡಿ. ಒಣ, ನಸುಹಳದಿ ಮರದ ಪುಡಿಯಾದರೆ ನೆಮ್ಮದಿ. ಕಪ್ಪಗೆ ನೆನೆದಿದ್ದು, ಬೆರಳಲ್ಲಿ ಉಜ್ಜಿದರೆ ಕೆಸರಿನ ಹಾಗೆ ಹರಡಿಕೊಂಡರೆ ಕೊಳೆತ ಶುರುವಾಗಿದೆ. ಚೌಕಟ್ಟು ಅಲ್ಯೂಮಿನಿಯಂನದ್ದಾದರೆ ಸ್ಟೀಲ್ ಸ್ಕ್ರೂ ಸುತ್ತ ಬಿಳಿ ಪುಡಿ ಕಾಣುತ್ತದೆ, ಅದು ಲೋಹ ಸವೆದ ಗುರುತು. ತೆಗೆದ ಸ್ಕ್ರೂ ವಾಪಸ್ ಹಾಕುವಾಗ ಬ್ಯುಟೈಲ್ ಹಚ್ಚಿಯೇ ಹಾಕಿ. ತೇವ ಅಳೆಯುವ ಮೀಟರ್ ಇದ್ದರೆ ಒಳಗಿನಿಂದ ರೈಲ್‌ನ ಕೆಳಗೆ ಹಿಡಿದು, ಎದುರು ಗೋಡೆಯ ಅದೇ ಎತ್ತರದ ಜಾಗದ ಜೊತೆ ಹೋಲಿಸಿ. 15 ಶೇಕಡದ ಒಳಗಿದ್ದರೆ ಚಿಂತೆ ಇಲ್ಲ. 20 ದಾಟಿದರೆ ಮೂಲ ಹುಡುಕಿ. 30ರ ಮೇಲಿದ್ದರೆ ಆನಿಂಗ್ ಮಾತು ಆಮೇಲೆ, ಗೋಡೆಯ ರಿಪೇರಿ ಮೊದಲು.

ಗೋಡೆ ಪಾಸಾದರೆ ಉಳಿದದ್ದು ಕೊಳವೆ, ತೋಳು, ಸ್ಪ್ರಿಂಗ್. ಗಾಳಿಯಿಲ್ಲದ ದಿನ ಪೂರ್ತಿ ಬಿಚ್ಚಿ, ಕೊಳವೆಯ ಒಂದು ತುದಿಗೆ ಕಣ್ಣಿಟ್ಟು ಇನ್ನೊಂದು ತುದಿ ನೋಡಿ. ಉದ್ದನೆಯ ಕೊಳವೆ ನಡುವೆ ಒಂದಿಷ್ಟು ಜಗ್ಗುವುದು ಸಹಜ. ಆದರೆ ಸುತ್ತುವಾಗ ಪ್ರತಿ ಸುತ್ತಿಗೂ ಒಮ್ಮೆ ಕುಪ್ಪಳಿಸುತ್ತಿದ್ದರೆ ಕೊಳವೆ ಬಾಗಿದೆ. ಅದನ್ನು ನೆಟ್ಟಗೆ ಮಾಡಲು ಹೋಗಬೇಡಿ, ಆಗುವುದಿಲ್ಲ. ಒಂದು ಬದಿ ಬೇಗ, ಇನ್ನೊಂದು ಬದಿ ನಿಧಾನವಾಗಿ ಸುತ್ತಿಕೊಂಡರೆ ಒಂದು ಸ್ಪ್ರಿಂಗ್ ಸೋತಿದೆ. ಎಡಕ್ಕೂ ಬಲಕ್ಕೂ ಬೇರೆ ಬೇರೆ ಸ್ಪ್ರಿಂಗ್, ಅದಲುಬದಲು ಮಾಡುವಂತಿಲ್ಲ. ತೋಳಿನ ರಿವೆಟ್ ಕಿತ್ತುಬಂದಿದ್ದರೆ ಅದಕ್ಕಾಗಿ ಇಡೀ ಆನಿಂಗ್ ಎಸೆಯುವುದು ಅನ್ಯಾಯ. ಗೋಡೆ ಗಟ್ಟಿ, ಕೊಳವೆ ನೆಟ್ಟಗೆ ಅಂದಮೇಲೆ ರಿಪೇರಿ ಮಾಡಿಸಿ. ಇದರಲ್ಲಿ ನನಗೆ ಎರಡನೇ ಮಾತಿಲ್ಲ.

ತೆಗೆಯುವುದೇ ಎಂದು ತೀರ್ಮಾನವಾದರೆ, "ನಾಲ್ಕು ಬೋಲ್ಟ್ ಬಿಚ್ಚಿದರೆ ಮುಗೀತಲ್ವಾ" ಎಂದು ಮಾತ್ರ ದಯವಿಟ್ಟು ಅನ್ನಬೇಡಿ. ಕೊಳವೆಯೊಳಗಿನ ಸ್ಪ್ರಿಂಗ್ ತಿರುಚಿ ಬಿಗಿಯಾಗಿ ಕೂತಿರುತ್ತದೆ. ತುದಿಯ ಮುಚ್ಚಳದ ತೂತಿಗೆ ಪಿನ್ ಹಾಕಿ ಅದನ್ನು ತಡೆಯದೆ ತೋಳು ಬಿಡಿಸಿದರೆ, ತೋಳು ಗಿರ್ರನೆ ಸುತ್ತಿ ಬೆರಳನ್ನೋ ದವಡೆಯನ್ನೋ ಮುರಿಯುತ್ತದೆ. ಸ್ಪ್ರಿಂಗ್ ಸಡಿಲಿಸುವಾಗ ಸುತ್ತು ಎಣಿಸಿ, ಮುಚ್ಚಳದ ಮೇಲೆ ಮಾರ್ಕರ್‌ನಲ್ಲಿ ಬರೆಯಿರಿ. ಮುಂದೆ ಯಾರಾದರೂ ಮತ್ತೆ ಕೂರಿಸುವುದಾದರೆ ಬೇಕಾಗುತ್ತದೆ. ಪೆಟ್ಟಿಗೆ ಮಾದರಿಯಲ್ಲಿ ಮಡಚಿದ ತೋಳುಗಳೇ ಸ್ಪ್ರಿಂಗ್ ಬಲದಿಂದ ಹೊರಗೆ ತಳ್ಳುತ್ತಿರುತ್ತವೆ. ಎರಡು ಕಡೆ ಬೆಲ್ಟ್ ಬಿಗಿದು ಕಟ್ಟಿದ ಮೇಲಷ್ಟೇ ಬೋಲ್ಟ್ ಮುಟ್ಟಿ. ಮೋಟರ್ ಇದ್ದರೆ ಮೊದಲು ಫ್ಯೂಸ್ ತೆಗೆದು, ವೈರ್ ತುದಿಗಳನ್ನು ಬೇರೆ ಬೇರೆಯಾಗಿ ಮುಚ್ಚಿ. ಎರಡು ತುದಿಗೆ ಇಬ್ಬರು, ನಡುವೆ ಒಬ್ಬರು ಬೇಕೇ ಬೇಕು.

ಇಷ್ಟೆಲ್ಲ ಮಾಡಿದ ಮೇಲೂ ರೈಲ್‌ಗೆ ಕೈ ಹಚ್ಚುವ ಮುನ್ನ ಛಾವಣಿ ಹತ್ತಿ ನೋಡಿ. ಎಷ್ಟೋ ವಾಹನಗಳಲ್ಲಿ ಛಾವಣಿಯ ಹೊದಿಕೆಯ ಅಂಚನ್ನು ಅದುಮಿ ಹಿಡಿದಿರುವುದು ಇದೇ ಪಟ್ಟಿ. ಕಿತ್ತರೆ ಛಾವಣಿ ಮತ್ತು ಗೋಡೆಯ ಸಂದು ಉದ್ದಕ್ಕೂ ಬಾಯಿ ಬಿಡುತ್ತದೆ. ಕಿತ್ತ ತೂತುಗಳಿಗೆ ಸಿಲಿಕೋನ್ ಒತ್ತಿ ಕೈತೊಳೆದುಕೊಳ್ಳುವವರೂ ಇದ್ದಾರೆ. ಅದರ ಮೇಲೆ ಮುಂದೆ ಬೇರೆ ಯಾವ ಸೀಲಂಟೂ ಹಿಡಿಯುವುದಿಲ್ಲ, ವಿನೆಗರ್ ವಾಸನೆಯ ಸಿಲಿಕೋನ್ ಅಂತೂ ಲೋಹವನ್ನೇ ತಿನ್ನುತ್ತದೆ. ಪ್ಲಾಸ್ಟಿಕ್ ಕೆರೆಯುವ ಪಟ್ಟಿಯಿಂದ ಹಳೆಯದನ್ನೆಲ್ಲ ತೆಗೆದು, ತುದಿ ಮುಚ್ಚಿದ ರಿವೆಟ್ ಹಾಕಿ, ಬ್ಯುಟೈಲ್ ಮೇಲೆ ಅಲ್ಯೂಮಿನಿಯಂ ಪಟ್ಟಿ ಕೂರಿಸಿ. ಗೋಡೆ ಒದ್ದೆ ಇದ್ದರೆ ಅದು ಒಣಗುವವರೆಗೆ ಕಾಯಿರಿ, ವಾರಗಳೇ ಹಿಡಿಯಬಹುದು. ಒದ್ದೆ ಮರವನ್ನು ಸೀಲ್ ಮಾಡಿದರೆ ನೀರನ್ನು ಒಳಗೇ ಕೂಡಿಹಾಕಿದಂತೆ.

ತೆಗೆಯುವುದು, ಉಳಿಸುವುದು ಎರಡೇ ದಾರಿ ಎಂದುಕೊಂಡವರಿಗೆ ಮೂರನೆಯದನ್ನೂ ಹೇಳಿಬಿಡುತ್ತೇನೆ. ರೈಲ್ ಗಟ್ಟಿಯಾಗಿದ್ದು ಕೊಳವೆ, ತೋಳು ಮಾತ್ರ ಕೆಟ್ಟಿದ್ದರೆ ಅವೆರಡನ್ನೇ ಇಳಿಸಿ, ರೈಲ್ ಬಿಡಿ. ಹತ್ತಾರು ಕೆಜಿ ಭಾರ ಇಳಿಯಿತು, ಗೋಡೆಯ ಮೇಲ್ತುದಿಗೆ ಹೊಸ ತೂತು ಬೀಳಲಿಲ್ಲ. ಅಂಚಿನಲ್ಲಿ ಹಗ್ಗ ಹೊಲಿದ ಟಾರ್ಪಾಲನ್ನು ರೈಲ್‌ನಲ್ಲಿ ಬಟ್ಟೆಯ ಅಂಚು ಕೂತಿದ್ದ ಸೀಳಿಗೆ ತೂರಿಸಿದರೆ ನೆರಳು ಸಿಕ್ಕಿತು. ಹಗ್ಗದ ದಪ್ಪವನ್ನು ಸೀಳಿನ ಒಳ ಅಗಲಕ್ಕೆ ತಾಳೆ ನೋಡಿ. ತೀರಾ ಸಣ್ಣದಾದರೆ ಎಳೆದಾಗ ಕಿತ್ತುಬರುತ್ತದೆ. ಸೀಳಿನ ಬಾಯಿಯ ಚೂಪನ್ನು ಅರದಿಂದ ಉಜ್ಜಿ ನುಣುಪು ಮಾಡಿ, ಹಗ್ಗಕ್ಕೆ ಸ್ವಲ್ಪ ಸೋಪಿನ ನೀರು ಸವರಿ, ಒಬ್ಬರು ಎಳೆಯುವಾಗ ಇನ್ನೊಬ್ಬರು ಬಾಯಿಯ ಹತ್ತಿರ ನಿಂತು ಬಟ್ಟೆಯನ್ನು ನೇರವಾಗಿ ಒಳಗೆ ಬಿಡುತ್ತಿರಬೇಕು.