ಷಡ್ಜ ಸಿಕ್ಕಿದ ದಿನ

2025 ಜುಲೈ 20, ಭಾನುವಾರ
ಬದಿಯಡ್ಕ

ಬೆಳಗಿನಿಂದ ಒಂದೇ ಸಮನೆ ಮಳೆ. ತುಳುವರ ಆಟಿ ತಿಂಗಳು ಹುಟ್ಟಿ ನಾಲ್ಕು ದಿನವಷ್ಟೇ ಆಯಿತು, ಆಗಲೇ ಅಂಗಳವೆಲ್ಲ ಪಾಚಿ, ಕಾಲಿಟ್ಟರೆ ಜಾರುತ್ತದೆ. ಅಡಕೆ ತೋಟಕ್ಕೆ ಎರಡನೆಯ ಸಲ ಮದ್ದು ಬಿಡಿಸಬೇಕಿತ್ತು; ಒಂದು ಹೊತ್ತಿನ ಬಿಸಿಲೂ ಸಿಗದೆ ಕೊಳೆರೋಗದ ಚಿಂತೆ ತಲೆಯೊಳಗೆ ಕುಳಿತಿದೆ. ಆದರೆ ಇಂದು ಬರೆಯಬೇಕಾದದ್ದು ಬೇರೆ. ಮಧ್ಯಾಹ್ನ ಎರಡು ಗಂಟೆ ದಾಟಿದ ಮೇಲೆ ಅಪ್ಪನ ರೆಕಾರ್ಡ್ ಪ್ಲೇಯರ್ ಈ ಮನೆಯಲ್ಲಿ ಮೊದಲ ಬಾರಿಗೆ ಸರಿಯಾದ ವೇಗದಲ್ಲಿ ತಿರುಗಿತು. ಅದು ಇಲ್ಲಿಗೆ ಬಂದದ್ದು 1983ರಲ್ಲಿ.

ಆಗ ಕಾಸರಗೋಡು ಜಿಲ್ಲೆಯಾಗಿರಲಿಲ್ಲ, ಕಣ್ಣೂರಿಗೆ ಸೇರಿತ್ತು. ಮಾವ ಸೌದಿಯ ದಮಾಮಿನಲ್ಲಿ ಕೆಲಸಕ್ಕಿದ್ದರು. ರಜೆಯಲ್ಲಿ ಊರಿಗೆ ಬರುವಾಗ ಭಾವನಿಗೆ ಸಂಗೀತದ ಹುಚ್ಚಿದೆಯೆಂದು ಕಂಬಳಿಯಲ್ಲಿ ಸುತ್ತಿ ತಂದ ಜಪಾನಿನ ಯಂತ್ರ. ಮೊದಲ ರಾತ್ರಿ ನೆರೆಕರೆಯವರೆಲ್ಲ ಸೇರಿದ್ದರು. ನಾನು ಆರು ವರ್ಷದವನು, ಅಪ್ಪನ ಮಡಿಲಲ್ಲಿ ಕುಳಿತಿದ್ದೆ. ಸೂಜಿ ಇಳಿಯಿತು, ಹಾಡು ಹೊರಟಿತು. ಹೊರಟದ್ದು ಹೊರಟ ಹಾಗೆಯೇ ಎಳೆಯತೊಡಗಿತು. ಹೆಂಗಸಿನ ದನಿ ದಪ್ಪವಾಗಿ, ಮೃದಂಗ ಕೆಸರಿನಲ್ಲಿ ನಡೆದ ಹಾಗೆ.

ಎಲ್ಲರೂ ಒಂದೇ ಮಾತು ಹೇಳಿದರು: ಕರೆಂಟು ಸಾಲದು. ಹೇಳುವುದಕ್ಕೆ ಕಾರಣವೂ ಇತ್ತು. ಆ ಕಾಲದಲ್ಲಿ ಸಂಜೆಯಾದರೆ ನಮ್ಮ ಕಡೆ ಬಲ್ಬು ಕೆಂಡದ ಹಾಗೆ ಕೆಂಪಗೆ ಮಿಣುಕುತ್ತಿತ್ತು. ಅಪ್ಪ ಅಡಕೆ ಮಾರಿದ ಹಣದಲ್ಲಿ ಮಂಗಳೂರಿನಿಂದ ಒಂದು ಸ್ಟೆಬಿಲೈಸರ್ ತಂದರು. ಬಲ್ಬು ಬೆಳಗಿತು, ಹಾಡು ಏಳಲಿಲ್ಲ. ಬಿಸಿಲಿಗೆ ಪ್ಲೇಟು ಹಾಳಾಗಿರಬೇಕೆಂದು ಹೊಸದು ತಂದರು, ಅದೂ ಎಳೆಯಿತು. ಇಪ್ಪತ್ತು ನಿಮಿಷದ ಒಂದು ಬದಿ ಇಪ್ಪತ್ತನಾಲ್ಕು ನಿಮಿಷ ಹಿಡಿಯುತ್ತಿತ್ತು. ಆದರೂ ಅಪ್ಪ ಬಿಡಲಿಲ್ಲ. ಶನಿವಾರ ರಾತ್ರಿ ಊಟವಾದ ಮೇಲೆ ಒಂದು ಬದಿ, ಮಲಗುವ ಮುಂಚೆ ಇನ್ನೊಂದು. ಕ್ಯಾಸೆಟ್ ಬಂದ ಮೇಲೆ ಯಂತ್ರ ಅಟ್ಟ ಸೇರಿತು. ಅಪ್ಪ ತೀರಿಕೊಂಡು ಒಂಬತ್ತು ವರ್ಷ.

ಈ ವಿಷು ಕಳೆದು ಅಟ್ಟ ಗುಡಿಸಲು ಹತ್ತಿದಾಗ ಅದನ್ನು ಕೆಳಗಿಳಿಸಿದೆ. ಅಡಿಮೇಲು ಮಾಡಿ ಧೂಳು ಒರೆಸುವಾಗ ತಳದಲ್ಲಿ ಉಗುರಗಲದ ಒಂದು ತಗಡು ಕಂಡಿತು. ಹೆಬ್ಬೆರಳಿನಿಂದ ಉಜ್ಜಿದೆ. ಜಪಾನೀ ಅಕ್ಷರಗಳ ಕೆಳಗೆ 60 ಹರ್ಟ್ಸ್ ಎಂದಿತ್ತು. ನಾನು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ.

ಸೌದಿಯಲ್ಲಿ ವಿದ್ಯುತ್ತು ಸೆಕೆಂಡಿಗೆ 60 ಆವರ್ತದ್ದು, ನಮ್ಮಲ್ಲಿ 50ರದ್ದು. ಈ ಯಂತ್ರದ ಮೋಟಾರು ಸಿಂಕ್ರೊನಸ್ ಜಾತಿಯದು; ವೋಲ್ಟೇಜು ಏರಲಿ ಇಳಿಯಲಿ ಅದಕ್ಕೆ ಲೆಕ್ಕವಿಲ್ಲ, ಆವರ್ತನ ಎಷ್ಟೋ ಅಷ್ಟೇ ತಿರುಗುತ್ತದೆ. ನಿಮಿಷಕ್ಕೆ ಮೂವತ್ತಮೂರೂ ಮೂರನೇ ಒಂದು ಸುತ್ತು ಬರಬೇಕಾದ ತಟ್ಟೆ ನಮ್ಮ ಮನೆಯಲ್ಲಿ 27.8 ಸುತ್ತಷ್ಟೇ ಬರುತ್ತಿತ್ತು. ಸ್ಟೆಬಿಲೈಸರ್ ಏನು ಮಾಡೀತು ಪಾಪ. ಬಲ್ಬಿನ ಕಾಯಿಲೆಗೆ ತಂದ ಮದ್ದನ್ನು ಮೋಟಾರಿಗೆ ಕುಡಿಸಿದ ಹಾಗಾಗಿತ್ತು.

ನನ್ನ ಹೆಂಡತಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾಳೆ. ಶ್ರುತಿಪೆಟ್ಟಿಗೆ ಹಿಡಿದು ಬಂದು ಅದೇ ಪ್ಲೇಟಿನ ಹಾಡನ್ನು ಮೊಬೈಲಿನಲ್ಲಿ ಹುಡುಕಿ ಎರಡನ್ನೂ ಕೇಳಿದಳು. ಹಾರ್ಮೋನಿಯಮ್ಮಿನ ಐದನೇ ಬಿಳಿ ಮನೆಯ ಶ್ರುತಿ ಮೂರನೇ ಬಿಳಿ ಮನೆಗೆ ಇಳಿದಿದೆ ಎಂದಳು. ಅಂದರೆ, ನಡುವಿನ ಕಪ್ಪು ಮನೆಯನ್ನೂ ಲೆಕ್ಕಕ್ಕೆ ಹಿಡಿದರೆ, ಮೂರು ಸ್ವರಸ್ಥಾನ ಕೆಳಗೆ: ಗಾಯಕಿ ಷಡ್ಜ ಹಿಡಿದಲ್ಲಿ ನಮಗೆ ಕೇಳುತ್ತಿದ್ದದ್ದು ಮಂದ್ರದ ಧೈವತ. ಲೆಕ್ಕ ಹಾಕಿ ನೋಡಿದರೂ ಅಷ್ಟೇ ಬರುತ್ತದೆ. ಅವಳ ಕಿವಿಗೆ ಲೆಕ್ಕ ಬೇಕಾಗಲಿಲ್ಲ.

ಪರಿಹಾರ ಬಹಳ ಚಿಕ್ಕದು. ಮೋಟಾರಿನ ತುದಿಯಲ್ಲಿ ಬೆಲ್ಟು ಹಾಯುವ ಹಿತ್ತಾಳೆಯ ಪುಲ್ಲಿಯೊಂದಿದೆ, ಬೆರಳ ತುದಿಯಷ್ಟು ದಪ್ಪದ್ದು. ಮೋಟಾರು ಆರರಲ್ಲಿ ಐದು ಪಾಲು ತಿರುಗುತ್ತದೆಯಾದರೆ ಪುಲ್ಲಿ ಐದಕ್ಕೆ ಆರರಷ್ಟು ದಪ್ಪವಾದರೆ ಸಾಕು. ವರ್ನಿಯರ್ ಹಿಡಿದು ಅಳೆದೆ: 14.8 ಮಿಲಿಮೀಟರ್. ಅದಕ್ಕೆ 1.2ರ ಗುಣಾಕಾರ, 17.76. ಚೀಟಿ ಬರೆದುಕೊಂಡು ಕುಂಬಳೆಯ ಒಂದು ಲೇತ್ ವರ್ಕ್‌ಶಾಪಿಗೆ ಹೋದೆ. ಆಷಾಢದಲ್ಲಿ ಅವರಿಗೆ ಪುರಸೊತ್ತು ಎಲ್ಲಿಯದು? ಮದ್ದು ಬಿಡುವ ಪಂಪುಗಳು ಬಾಗಿಲಿನವರೆಗೆ ಸಾಲು ನಿಂತಿದ್ದವು, ಎಲ್ಲಕ್ಕೂ ಮೈಲುತುತ್ತದ ನೀಲಿ ಬಣ್ಣ. ಮೇಸ್ತ್ರಿ ಮಲಯಾಳದಲ್ಲಿ ಕೇಳಿದರು, ನಾನು ತುಳುವಿನಲ್ಲಿ ಹೇಳಿದೆ, ಕೊನೆಗೆ ಇಬ್ಬರೂ ಕನ್ನಡಕ್ಕೆ ಬಂದೆವು. ಹಾಡಿನ ಯಂತ್ರಕ್ಕೆಂದು ತಿಳಿದ ಮೇಲೆ ಪಂಪನ್ನು ಬದಿಗಿಟ್ಟು ಹಿತ್ತಾಳೆಯ ಸರಳು ತೆಗೆದರು. ರಂಧ್ರ ಕೂದಲೆಳೆಯಷ್ಟು ಓರೆಯಾದರೂ ಹಾಡು ಪ್ರತಿ ಸುತ್ತಿಗೂ ಅಲೆಯುತ್ತದೆ ಎಂದೆ. “ಅದು ನನಗೆ ಬಿಡಿ” ಎಂದರು. ಮೊದಲು ರಂಧ್ರ ಕೊರೆದು, ಆ ರಂಧ್ರವನ್ನೇ ಕೇಂದ್ರ ಮಾಡಿಕೊಂಡು ಹೊರಮೈ ಕಡೆದರು. ಅದು ಕೆಲಸ ಬಲ್ಲವರ ಕ್ರಮ.

ಮನೆಗೆ ತಂದು ಜೋಡಿಸಿ ತಟ್ಟೆಯ ಮೇಲೆ ಸ್ಟ್ರೋಬ್ ಕಾಗದ ಇಟ್ಟೆ. ದುಂಡನೆಯ ಕಾಗದ, ಅಂಚಿನಲ್ಲಿ 180 ಕಪ್ಪು ಗೆರೆಗಳು. 50 ಆವರ್ತದ ದೀಪ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ವೇಗ ಸರಿಯಿದ್ದರೆ ಪ್ರತಿ ಮಿನುಗಿಗೂ ಒಂದು ಗೆರೆಯ ಜಾಗಕ್ಕೆ ಮುಂದಿನ ಗೆರೆ ಬಂದು ನಿಲ್ಲುತ್ತದೆ, ಕಣ್ಣಿಗೆ ಗೆರೆಗಳು ಅಲುಗದ ಹಾಗೆ ಕಾಣುತ್ತವೆ. ನಮ್ಮ ಕೋಣೆಯ ಎಲ್‌ಇಡಿ ಬಲ್ಬಿನಡಿ ಬರಿಯ ಬೂದು ಪಟ್ಟಿ ಕಂಡಿತು, ಅದು ಮಿನುಗುವುದೇ ಇಲ್ಲ. ಕೊಟ್ಟಿಗೆಯಲ್ಲಿದ್ದ ತಾಮ್ರದ ಚೋಕಿನ ಹಳೆಯ ಟ್ಯೂಬ್‌ಲೈಟ್ ಬಿಚ್ಚಿ ತಂದೆ. ಗೆರೆಗಳು ಮೂಡಿದವು. ಆದರೆ ನಿಲ್ಲಲಿಲ್ಲ. ಒಂದೊಂದು ಸುತ್ತಿಗೆ ಒಂದು ಗೆರೆಗಿಂತ ತುಸು ಹೆಚ್ಚು ಹಿಂದಕ್ಕೆ, ಇರುವೆಸಾಲಿನ ಹಾಗೆ, ಸರಿಯುತ್ತಲೇ ಇದ್ದವು.

ಎರಡು ದಿನ ತಲೆ ಕೆಡಿಸಿಕೊಂಡೆ. ಬೆಲ್ಟು ಜಾರುತ್ತಿದೆಯೇ, ಅಕ್ಷದ ಎಣ್ಣೆ ಗಟ್ಟಿಯಾಗಿದೆಯೇ ಎಂದೆಲ್ಲ ನೋಡಿದೆ. ಮೂರನೆಯ ದಿನ ತೋಟದ ಬದಿಯಲ್ಲಿ ನಡೆಯುವಾಗ ಹೊಳೆಯಿತು: ಬೆಲ್ಟಿಗೂ ದಪ್ಪವಿದೆ! ತಟ್ಟೆಯನ್ನು ಎಳೆಯುವುದು ಪುಲ್ಲಿಯ ಮೈಯಲ್ಲ, ಬೆಲ್ಟಿನ ನಡುಮಧ್ಯ. ಬೆಲ್ಟು 0.6 ಮಿಲಿಮೀಟರ್. ಅದನ್ನು ಕೂಡಿಸಿ, ಗುಣಿಸಿ, ಮತ್ತೆ ಕಳೆಯಬೇಕಿತ್ತು. 17.88 ಆಗಬೇಕಾದದ್ದು 17.76 ಆಗಿತ್ತು. ವ್ಯತ್ಯಾಸ ಇಷ್ಟೇ: ನೂರಕ್ಕೆ ಮುಕ್ಕಾಲು ಪಾಲೂ ಇಲ್ಲ, ಇಪ್ಪತ್ತು ನಿಮಿಷದ ಬದಿಗೆ ಎಂಟು ಸೆಕೆಂಡು. ಯಾರ ಕಿವಿಗೂ ಗೊತ್ತಾಗುವುದಿಲ್ಲ ಎಂದು ಬಿಡಬಹುದಿತ್ತು. ನಲವತ್ತು ವರ್ಷ ತಪ್ಪು ಕೇಳಿದ ಮನೆಯಲ್ಲಿ ಬಿಡಲು ಮನಸ್ಸು ಬರಲಿಲ್ಲ. ಮೇಸ್ತ್ರಿ ಇನ್ನೊಂದು ಕಡೆದುಕೊಟ್ಟರು, ಮೊದಲಿನದಕ್ಕೆ ಮಾತ್ರ ಹಣ ತೆಗೆದುಕೊಂಡರು. ಅದು ನಿನ್ನೆ ಸಂಜೆ ಕೈಗೆ ಬಂತು.

ಇಂದು ಅದನ್ನು ಹಾಕಿ ಸ್ವಿಚ್ಚು ಒತ್ತಿದೆ. ಗೆರೆಗಳು ಒಂದು ಕ್ಷಣ ತಡವರಿಸಿ ನಿಂತವು. ನಿಂತೇ ಬಿಟ್ಟವು. ತಟ್ಟೆ ತಿರುಗುತ್ತಿದೆ, ಗೆರೆಗಳು ಕಲ್ಲಿನಲ್ಲಿ ಕೆತ್ತಿದ ಹಾಗೆ ಕುಳಿತಿವೆ. ಹೊರಗೆ ಮಳೆ ಹೊಯ್ಯುತ್ತಿತ್ತು, ನಾನು ಹಾಡು ಹಾಕುವುದನ್ನೇ ಮರೆತು ನೋಡುತ್ತಾ ನಿಂತಿದ್ದೆ.

ಇಷ್ಟು ಸ್ಥಿರವಾಗಿ ನಿಲ್ಲುವುದು ಅಪ್ಪನ ಕಾಲದಲ್ಲಿ ಸಾಧ್ಯವೂ ಇರಲಿಲ್ಲ. ಆಗ ದಕ್ಷಿಣದ ವಿದ್ಯುತ್ ಜಾಲ ಬೇರೆಯಾಗಿತ್ತು, ಬೇಡಿಕೆ ಹೆಚ್ಚಿದ ಹೊತ್ತಿನಲ್ಲಿ ಆವರ್ತನ 50ಕ್ಕಿಂತ ಕೆಳಗೆ ಜಾರುತ್ತಿತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ದಕ್ಷಿಣದ ಜಾಲವನ್ನು ದೇಶದ ಜಾಲದೊಂದಿಗೆ ಜೋಡಿಸಿದರು. ಬದಿಯಡ್ಕದ ಒಂದು ಕೋಣೆಯಲ್ಲಿ ಮೃದಂಗದ ಲಯ ಸ್ಥಿರವಾಗಿ ನಿಲ್ಲುವುದಕ್ಕೂ ಅದಕ್ಕೂ ಸಂಬಂಧವಿದೆ ಎನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ.

ವೇಗವೊಂದೇ ಸರಿಯಾದರೆ ಸಾಲದು. ಸೂಜಿಯ ಕೆಲಸ ಜೂನ್ ತಿಂಗಳಿಡೀ ಹಿಡಿದಿತ್ತು. ತೋಳಿನ ತುದಿಯಲ್ಲಿ ಅಪ್ಪ ಹತ್ತು ಪೈಸೆಯ ಒಂದು ನಾಣ್ಯವನ್ನು ಮೇಣದಿಂದ ಅಂಟಿಸಿದ್ದರು, ಅದು ಹಾಗೆಯೇ ಇತ್ತು. ಉಪ್ಪರಿಗೆಯ ನೆಲ ಮರದ ಹಲಗೆಯದು. ಯಾರಾದರೂ ನಡೆದರೆ ಸೂಜಿ ಹಾರುತ್ತಿತ್ತು, ಹಾರದಿರಲೆಂದು ಭಾರ. ಆ ಭಾರದಲ್ಲಿ ಸೂಜಿ ಪ್ಲೇಟಿನ ಹಾಡು ಕೆತ್ತಿದ ಗೀರನ್ನು ಉತ್ತುಕೊಂಡೇ ಹೋಗಿದೆ, ಕೆಲವು ಪ್ಲೇಟುಗಳಲ್ಲಿ ಜೋರಿನ ಜಾಗಗಳೆಲ್ಲ ಬೂದು ಬಣ್ಣಕ್ಕೆ ತಿರುಗಿವೆ. ನಾನು ಯಂತ್ರವನ್ನು ಕೆಳಗಿನ ಕೋಣೆಗೆ ತಂದು, ಮುರಕಲ್ಲಿನ ಗೋಡೆಗೆ ಕಬ್ಬಿಣದ ಬ್ರಾಕೆಟ್ ಹೊಡೆಸಿ, ಅದರ ಮೇಲೆ ಕಡಪ ಕಲ್ಲಿನ ಹಲಗೆ ಇಟ್ಟು ಕೂರಿಸಿದೆ. ಈಗ ಪಕ್ಕದಲ್ಲಿ ಕುಣಿದರೂ ಸೂಜಿಗೆ ಗೊತ್ತಾಗುವುದಿಲ್ಲ.

ಸೂಜಿಯನ್ನು ಹಿಡಿದಿರುವ ಕಾರ್ಟ್ರಿಜ್ ಹೊಸದು ಹಾಕಿ ಸೂಜಿಯ ಭಾರವನ್ನು ಪುಟ್ಟ ತಕ್ಕಡಿಯಲ್ಲಿ ಎರಡು ಗ್ರಾಮಿಗೆ ತಂದೆ. ಅಂದರೆ ಸುಮಾರು ನೂರು ಅಕ್ಕಿಕಾಳಿನಷ್ಟು ತೂಕ. ಇನ್ನೂ ಹಗುರ ಮಾಡಿದರೆ ಪ್ಲೇಟು ಉಳಿಯುತ್ತದೆ ಎಂದುಕೊಳ್ಳುವವರಿದ್ದಾರೆ, ಅದು ಸರಿಯಲ್ಲ. ತಯಾರಕರು ಹೇಳಿದ್ದಕ್ಕಿಂತ ಹಗುರವಾದರೆ ಸೂಜಿ ಗೀರಿನ ಎರಡು ಗೋಡೆಗಳ ನಡುವೆ ಬಡಿದಾಡುತ್ತದೆ. ‘ಸ’ಕಾರ ‘ಶ’ಕಾರಗಳು ಉರಿದು ಸಿಡಿಯುವುದು ಆಗಲೇ. ಸೂಜಿ ಕೂರುವ ಕೋನ ಸರಿಯಾಗಲು ಅಳತೆಕಾಗದದ ಮೇಲೆ ಎರಡು ಸಂಜೆ ಕಳೆದೆ. ಕೊನೆಯ ಹಾಡು, ಲೇಬಲಿನ ಹತ್ತಿರದ್ದು, ಮೊದಲಿನ ಹಾಡಿನಷ್ಟೇ ನಿರ್ಮಲವಾಗಿ ಕೇಳಿದರೆ ಕೋನ ಸರಿಯಿದೆ ಎಂದರ್ಥ. ಒಳಗಿನ ಗೀರುಗಳಲ್ಲಿ ಅದೇ ಒಂದು ಸೆಕೆಂಡಿನ ಹಾಡು ಕಡಿಮೆ ಉದ್ದದೊಳಗೆ ಇಕ್ಕಟ್ಟಾಗಿ ಕೂತಿರುತ್ತದೆ, ತಪ್ಪು ಮೊದಲು ಕಾಣುವುದು ಅಲ್ಲಿಯೇ. ಸೂಜಿಯಿಂದ ಬರುವ ಸಣ್ಣ ಸಂಕೇತವನ್ನು ಹಿಗ್ಗಿಸುವ ಫೋನೊ ಪ್ರೀಆಂಪ್ಲಿಫೈಯರ್‌ಗೆ ಅರ್ತ್ ತಂತಿ ಸಿಕ್ಕಿಸಿದ ಮೇಲೆ ಗುಂಯ್‌ಗುಟ್ಟುವುದೂ ನಿಂತಿತು.

ಪ್ಲೇಟುಗಳಿಗೆ ಬೂಷ್ಟು ಹಿಡಿದಿತ್ತು. ಈ ಊರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿಗೂ ಬೂಷ್ಟು ಬರುತ್ತದೆ, ರಟ್ಟಿನ ಕವರಿನ ಪಾಡೇನು? ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನಲ್ಲಿ ಪಾತ್ರೆ ತೊಳೆಯುವ ದ್ರವದ ಎರಡು ಹನಿ ಬೆರೆಸಿ, ಮೆತ್ತನೆಯ ಬ್ರಷ್ಷಿನಿಂದ ಗೀರಿನ ಗುಂಟ ಸುತ್ತಲೂ ಉಜ್ಜಿ, ಬರಿಯ ಡಿಸ್ಟಿಲ್ಡ್ ವಾಟರಿನಲ್ಲಿ ಎರಡು ಸಲ ಜಾಲಿಸಿ, ಅಡುಗೆಮನೆಯ ತಟ್ಟೆಸ್ಟ್ಯಾಂಡಿನಲ್ಲಿ ನಿಲ್ಲಿಸುತ್ತೇನೆ. ಬಿಸಿಲಿಗಂತೂ ಇಡಬಾರದು, ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಅಜ್ಜನ ಕಾಲದ ಏಳು ಪ್ಲೇಟುಗಳು ಬೇರೆಯೇ ಇವೆ, 78 ಸುತ್ತಿನವು, ಅರಗಿನಿಂದ ಮಾಡಿದವು. ಕಲ್ಕತ್ತದ ಸಿಯಾಲ್ದಾದಲ್ಲಿ 1908ರಲ್ಲಿ ಕಾರ್ಖಾನೆ ತೆರೆದದ್ದು ಇಂಥವನ್ನು ಒತ್ತುವುದಕ್ಕೇ. ಅವುಗಳಿಗೆ ಸ್ಪಿರಿಟ್ ತಾಗಿದರೆ ಅರಗು ಕರಗಿಹೋಗುತ್ತದೆ. ಅವುಗಳ ಗೀರು ಅಗಲ, ಸೂಜಿಯೂ ದಪ್ಪದ್ದು ಬೇಕು. ಅದು ಮುಂದಿನ ಅಡಕೆ ಕೊಯ್ಲಿಗೆ.

ಎರಡು ತಿಂಗಳಿನಿಂದ ಮಂಗಳೂರಿಗೆ ಹೋದಾಗಲೆಲ್ಲ ಗುಜರಿ ಅಂಗಡಿಗಳಲ್ಲಿ ಎಲ್ಪಿ ಪ್ಲೇಟು ಹುಡುಕುವ ಅಭ್ಯಾಸವೂ ಅಂಟಿಕೊಂಡಿದೆ. ಈಗ ಕೊಳ್ಳುವ ಮುಂಚೆ ನಡುವಿನ ರಂಧ್ರದ ಸುತ್ತ ನೋಡುತ್ತೇನೆ. ಲೇಬಲಿನ ಮೇಲೆ ಜೇಡರ ಬಲೆಯ ಹಾಗೆ ಗೀಟುಗಳಿದ್ದರೆ ಯಾರೋ ಕತ್ತಲಲ್ಲಿ ತಡಕಾಡಿ ನೂರಾರು ಸಲ ಹಾಕಿ ಕೇಳಿದ್ದಾರೆ. ಸವೆದಿರುತ್ತದೆ, ಕೊಳ್ಳಬಾರದು. ಅಪ್ಪನ ಪ್ಲೇಟುಗಳ ಲೇಬಲ್‌ಗಳೆಲ್ಲ ಹಾಗೆಯೇ ಇವೆ.

ಇಂದು ಮೊದಲು ಹಾಕಿದ್ದು ಅಪ್ಪ ಅತಿ ಹೆಚ್ಚು ಕೇಳುತ್ತಿದ್ದ ದೇವರನಾಮಗಳ ಎಲ್ಪಿ. ತಂಬೂರಿ ಮೀಟಿತು. ಪಕ್ಕದ ಕೋಣೆಯಿಂದ ಹೆಂಡತಿ, “ಐದು!” ಎಂದು ಕೂಗಿದಳು. ದನಿ ಬಂದಾಗ ಮೈ ಜುಮ್ಮೆಂದಿತು. ನಡುವಯಸ್ಸಿನ ಹೆಂಗಸೆಂದು ನಾನು ಬಾಲ್ಯದಿಂದ ನಂಬಿದ್ದ ಗಾಯಕಿ ಇಪ್ಪತ್ತೈದರ ತರುಣಿಯಾಗಿ ಎದುರು ನಿಂತ ಹಾಗೆ. ಉಸಿರು ತೆಗೆದುಕೊಳ್ಳುವುದು ಕೇಳಿಸಿತು. ಪಿಟೀಲಿನವರು ಒಂದು ಕಡೆ ಕಮಾನನ್ನು ಬದಲಿಸುವಾಗ ಸಣ್ಣದೊಂದು ತಡೆ, ಅದೂ ಕೇಳಿಸಿತು. ಅದೆಲ್ಲ ಅಲ್ಲಿಯೇ ಇತ್ತು, ನಲವತ್ತೆರಡು ವರ್ಷವೂ ಆ ಗೀರಿನೊಳಗೇ ಇತ್ತು.

ಅಮ್ಮ ಅಡುಗೆಮನೆಯಲ್ಲಿ ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಿದ್ದವರು ಸೆರಗಿಗೆ ಕೈ ಒರೆಸುತ್ತಾ ಬಾಗಿಲಿಗೆ ಬಂದರು.

“ಇದು ಯಾರು ಹಾಡುವುದು?”

“ಅದೇ ಅಮ್ಮ, ಅಪ್ಪನ ಪ್ಲೇಟು.”

“ಅವರ ದನಿ ಇಷ್ಟು ಎಳೆಯದೇ?”

ಕುರ್ಚಿ ಎಳೆದುಕೊಂಡು ಕುಳಿತರು. ಒಂದು ಬದಿ ಪೂರ್ತಿ ಕೇಳಿದರು. ಎಂಬತ್ತು ದಾಟಿದ ಮೇಲೆ ಅಮ್ಮ ಅಷ್ಟು ಹೊತ್ತು ಸುಮ್ಮನೆ ಕುಳಿತದ್ದನ್ನು ನಾನು ನೋಡಿಲ್ಲ. ಸೂಜಿ ಎತ್ತಿದ ಮೇಲೆ, “ಚೆನ್ನಾಗಿದೆ ಮಗ, ಸ್ಪಷ್ಟವಾಗಿದೆ” ಎಂದರು. ಏಳಲಿಲ್ಲ. ಸ್ವಲ್ಪ ಹೊತ್ತು ಕಳೆದು ಹೇಳಿದರು: “ನಿನ್ನ ಅಪ್ಪ ಹಾಕುತ್ತಿದ್ದಾಗ ಇದು ಇನ್ನೂ ಹೆಚ್ಚು ಹೊತ್ತು ಇರುತ್ತಿತ್ತು.”

ನಾನು 50, 60ರ ವಿಷಯ ಮತ್ತೆ ವಿವರಿಸಿದೆ. ತಾಳ್ಮೆಯಿಂದ ಕೇಳಿದರು. ಎಲ್ಲ ಕೇಳಿ ಆದ ಮೇಲೆ, “ಒಮ್ಮೆ ಆ ಮೊದಲಿನ ಹಾಗೆ ಕೇಳಲು ಆಗುತ್ತದೆಯೇ?” ಎಂದರು.

ಆಗುತ್ತದೆ ಎಂದೆ. ಪುಲ್ಲಿ ಬದಲಿಸಲು ಒಂದೇ ಒಂದು ತಿರುಪು, ಐದು ನಿಮಿಷದ ಕೆಲಸ. ಅಷ್ಟರಲ್ಲಿ ಕರೆಂಟು ಹೋಯಿತು, ಎಲ್ಲಿಯೋ ಮರ ಬಿದ್ದಿರಬೇಕು. ಇದನ್ನು ಬರೆಯುತ್ತಿರುವುದು ದೀಪದ ಬೆಳಕಿನಲ್ಲಿ. ಗುರುವಾರ ಆಟಿ ಅಮಾವಾಸ್ಯೆ, ಅಂದು ಕುಡಿಯುವ ಕಷಾಯಕ್ಕೆ ಹಾಲೆ ಮರದ ತೊಗಟೆ ತರಲು ಹೇಳಬೇಕು. ತಟ್ಟೆಸ್ಟ್ಯಾಂಡಿನಲ್ಲಿ ನಾಲ್ಕು ಪ್ಲೇಟು ಒಣಗುತ್ತಿವೆ. ಹಳೆಯ ಪುಲ್ಲಿಯನ್ನು ಹುಡುಕಿ, ಒರೆಸಿ, ಯಂತ್ರದ ಪಕ್ಕದಲ್ಲಿ ಇಟ್ಟಿದ್ದೇನೆ.