ಚಾಳೀಸು ಬಂದ ಮೇಲೆ ಯಾವ ಬ್ರೌಸರ್?

ಕನ್ನಡಕ ಹಾಕಿಕೊಂಡರೂ ಬಸ್ಸಿನಲ್ಲಿ ಫೋನ್ ನೋಡುವಾಗ ಒತ್ತಕ್ಷರಗಳು ನನಗೆ ಕೈಕೊಡುತ್ತವೆ. ಅದೇ ಸೈಜಿನ ಇಂಗ್ಲಿಷನ್ನು ಹೇಗೋ ಓದಿಬಿಡುತ್ತೇನೆ. ಆದರೆ 'ರಾಷ್ಟ್ರ' ಅಂತ ಬಂದರೆ ಷಕಾರದ ಅಡಿಯಲ್ಲಿ ಎರಡು ಒತ್ತು ತೂರಿಕೊಳ್ಳಬೇಕು. ಚಿಕ್ಕ ಅಕ್ಷರದಲ್ಲಿ ಅವು ಬರೀ ಮಸಿಚುಕ್ಕೆ.

ಎರಡು ಬೆರಳಿಟ್ಟು ಹಿಗ್ಗಿಸಿದರೆ ಆಯ್ತಲ್ವಾ ಅನ್ನುತ್ತಾರೆ ಮನೆಯಲ್ಲಿ. ಹಿಗ್ಗಿಸಿದರೆ ಸಾಲು ಪರದೆಯಿಂದಾಚೆ ಹೋಗುತ್ತದೆ. ಪ್ರತಿ ಸಾಲಿಗೂ ಪುಟವನ್ನು ಆಚೆ ಈಚೆ ಎಳೆಯುತ್ತಾ ಕೂರಬೇಕು. ನನಗೆ ಬೇಕಿರುವುದು ಅಕ್ಷರ ಮಾತ್ರ ದೊಡ್ಡದಾಗಿ, ಸಾಲು ಪರದೆಯ ಅಗಲದಲ್ಲೇ ಮಡಚಿಕೊಳ್ಳುವುದು. ಇಡೀ ಫೋನಿನ ಅಕ್ಷರವನ್ನೇ ದೊಡ್ಡದು ಮಾಡಬಹುದು ನಿಜ. ಅಮ್ಮನ ಫೋನಿನಲ್ಲಿ ಹಾಗೆ ಮಾಡಿಟ್ಟಾಗ ದುಡ್ಡು ಕಳಿಸುವ ಆ್ಯಪಿನ ಬಟನ್ನೇ ಪರದೆಯ ಕೆಳಗೆ ಮರೆಯಾಯಿತು!

ಈಗ ನನ್ನ ಆಂಡ್ರಾಯ್ಡ್ ಫೋನಿನಲ್ಲಿ ದಿನಾ ಬಳಸುವುದು ಫೈರ್‌ಫಾಕ್ಸ್ ಬ್ರೌಸರ್. ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಸೆಸಿಬಿಲಿಟಿಗೆ ಹೋಗಿ, ಆಟೋಮ್ಯಾಟಿಕ್ ಫಾಂಟ್ ಸೈಜಿಂಗ್ ಆಫ್ ಮಾಡಿದರೆ 50ರಿಂದ 200 ಶೇಕಡಾವರೆಗೆ ಜಾರಿಸುವ ಪಟ್ಟಿ ಸಿಗುತ್ತದೆ. ನಾನು 150ರ ಆಸುಪಾಸಿನಲ್ಲಿ ಇಟ್ಟಿದ್ದೇನೆ. ಅದಕ್ಕಿಂತ ಜಾಸ್ತಿ ಮಾಡಿದರೆ ಕೆಲವು ಸೈಟುಗಳಲ್ಲಿ ಮೆನು ಒಂದರ ಮೇಲೊಂದು ಹತ್ತಿ ಕೂರುತ್ತದೆ. ಅಲ್ಲೇ ಕೆಳಗೆ, ಹಿಗ್ಗಿಸಲು ಬಿಡದ ಸೈಟುಗಳನ್ನೂ ಹಿಗ್ಗಿಸುವ ಆಯ್ಕೆ ಇದೆ. ಅದನ್ನು ಆನ್ ಮಾಡಿಟ್ಟುಬಿಡಿ. ಓದುಗನ ಬೆರಳನ್ನು ಕಟ್ಟಿಹಾಕುವ ಹಕ್ಕು ಸೈಟು ಮಾಡುವವರಿಗೆ ಯಾರು ಕೊಟ್ಟರೋ. ಉದ್ದ ಲೇಖನವಾದರೆ, ಬರಹವನ್ನಷ್ಟೇ ಬಿಡಿಸಿ ತೋರಿಸುವ ರೀಡರ್ ವ್ಯೂ ಒತ್ತುತ್ತೇನೆ, ಜಾಹೀರಾತಿನ ಗಲಾಟೆಯೂ ತಪ್ಪುತ್ತದೆ.

ಕಂಪ್ಯೂಟರಿಗೆಂದೇ ಮಾಡಿದ ಹಳೇ ಕನ್ನಡ ಸೈಟುಗಳಿಗೆ ಮಾತ್ರ ಒಪೆರಾ. ಅದರಲ್ಲಿ ಟೆಕ್ಸ್ಟ್ ರ‍್ಯಾಪ್ ಅಂತಿದೆ. ಹಿಗ್ಗಿಸಿದ ಮೇಲೆ ಸಾಲುಗಳು ತಾವಾಗಿ ಪರದೆಯ ಅಗಲಕ್ಕೆ ಹೊಂದಿಕೊಳ್ಳುತ್ತವೆ. ಮೊದಲು ಆಂಡ್ರಾಯ್ಡ್ ಫೋನಿನ ಜೊತೆಗೇ ಬರುತ್ತಿದ್ದ ಬ್ರೌಸರೂ ಹೀಗೆ ಮಾಡುತ್ತಿತ್ತು. ಈಗ ಕ್ರೋಮ್‌ನಲ್ಲಿ ಆ ಸುಖವಿಲ್ಲ.

ಒಪೆರಾ ಅಂದರೆ ನನಗೆ ಹಳೇ ಋಣವೂ ಇದೆ. ಕೀಪ್ಯಾಡ್ ಫೋನಿನಲ್ಲಿ ಕನ್ನಡವೆಲ್ಲ ಚೌಕ ಚೌಕವಾಗಿ ಕಾಣುತ್ತಿದ್ದ ಕಾಲದಲ್ಲಿ, ಒಪೆರಾ ಮಿನಿಯ ವಿಳಾಸದ ಜಾಗದಲ್ಲಿ 'ಒಪೆರಾ:ಕಾನ್ಫಿಗ್' ಅಂತ ಹೊಡೆದು, ಕೆಳಗೆ ಬಿಟ್‌ಮ್ಯಾಪ್ ಫಾಂಟ್ ಅನ್ನುವಲ್ಲಿ 'ಎಸ್' ಕೊಟ್ಟರೆ ಅಕ್ಷರಗಳು ಚಿತ್ರಗಳಾಗಿ ಬರುತ್ತಿದ್ದವು. ನಿಧಾನ, ಒರಟು, ಆದರೆ ಕನ್ನಡ! ಆಗ ಸೈಜಿನ ಬಗ್ಗೆ ಯಾರು ತಕರಾರು ತೆಗೆಯುತ್ತಿದ್ದರು?

ಐಫೋನ್ ಇರುವವರಿಗೆ ಇಷ್ಟೆಲ್ಲ ಹುಡುಕಾಟ ಬೇಡ. ಸಫಾರಿಯ ವಿಳಾಸಪಟ್ಟಿಯಿಂದಲೇ ಅಕ್ಷರ ದೊಡ್ಡದು ಮಾಡಬಹುದು. 2019ರಲ್ಲಿ ಬಂದ ಐಒಎಸ್ 13ರಿಂದ ಈ ಸೌಲಭ್ಯ ಇದೆ.

ಇ-ಪೇಪರ್ ಪುಟಗಳಿಗೆ ಮಾತ್ರ ಯಾವ ಬ್ರೌಸರಿನ ಆಟವೂ ನಡೆಯುವುದಿಲ್ಲ. ಜಾಸ್ತಿ ಕಡೆ ಅವು ಬರೀ ಚಿತ್ರಗಳು, ಎಳೆದೆಳೆದೇ ಓದಬೇಕು. ಇನ್ನು ಕೆಲವು ಆ್ಯಪ್‌ಗಳು ಲಿಂಕನ್ನು ತಮ್ಮೊಳಗೇ ತೆರೆಯುತ್ತವೆ, ಅಲ್ಲಿ ನಾವು ಮಾಡಿಟ್ಟ ಸೈಜು ಲೆಕ್ಕಕ್ಕಿಲ್ಲ. ಮೂಲೆಯ ಮೂರು ಚುಕ್ಕೆ ಒತ್ತಿ, ಹೊರಗಿನ ಬ್ರೌಸರಿನಲ್ಲಿ ತೆರೆಯುವ ಆಯ್ಕೆ ಹುಡುಕಿ.